ಎರಡನೆಯ ಹುಟ್ಟಿಗೆ ಎಷ್ಟು ನೀರು?

— ಚಿಕ್ಕಮ್ಮ, ಮರುಹುಟ್ಟು ಅನ್ನೋದು ಮನಸ್ಸಿನೊಳಗೆ ನಡೆಯೋ ಸಂಗತಿ ಅಂತಲೇ ನಾನು ಕೇಳಿಕೊಂಡು ಬೆಳೆದದ್ದು. ನಿಮ್ಮ ಪುಸ್ತಕಗಳಲ್ಲಿ ನೋಡಿದರೆ ಬರೀ ತೊಟ್ಟಿ, ಎಣ್ಣೆ, ಹಾಲು, ಜೇನು. ಮೊದಲ ನಾಲ್ಕು ಶತಮಾನದ ಕ್ರೈಸ್ತರಿಗೆ ಒಳಗಿನ ಬದಲಾವಣೆಗಿಂತ ಸ್ನಾನವೇ ದೊಡ್ಡದಾಗಿತ್ತಾ?

— ಒಳಗಿನದು ಬೇರೆ, ಸ್ನಾನ ಬೇರೆ ಅಂತ ಅವರು ವಿಂಗಡಿಸಿಯೇ ಇರಲಿಲ್ಲ ಕಣೇ. ವಿಂಗಡಣೆ ನಮ್ಮದು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯವನ್ನೇ ತೆಗೆದುಕೋ. ಮುದುಕನಾದ ಮೇಲೆ ಮತ್ತೆ ತಾಯಿಯ ಹೊಟ್ಟೆ ಸೇರೋದು ಹೇಗೆ ಅಂತ ನಿಕೊದೇಮ ಕೇಳ್ತಾನಲ್ಲ, ಅವನಿಗೆ ಸಿಗುವ ಉತ್ತರದಲ್ಲಿ ನೀರು, ಆತ್ಮ ಎರಡೂ ಜೊತೆಗಿವೆ. ಆ ನೀರು ದೀಕ್ಷಾಸ್ನಾನವಲ್ಲ, ಬೇರೇನೋ ಅಂತ ಓದಿದವರನ್ನು ಹಳೆಯ ವ್ಯಾಖ್ಯಾನಕಾರರಲ್ಲಿ ಹುಡುಕೋದು ಕಷ್ಟ.

— ಅದೇ ಅಧ್ಯಾಯದಲ್ಲಿ ಗಾಳಿಯ ಮಾತೂ ಇದೆ. ಅದನ್ನು ಯಾರೂ ತೊಟ್ಟಿಯಲ್ಲಿ ಕೂಡಿಹಾಕೋಕಾಗಲ್ಲ. ಕೊರ್ನೇಲಿಯನ ಮನೆಯಲ್ಲಿ ಪವಿತ್ರಾತ್ಮ ಮೊದಲು ಇಳಿಯಿತು, ನೀರು ಆಮೇಲೆ ಬಂತು.

— ಬಂತಲ್ಲ! ಆತ್ಮವೇ ಇಳಿದಾಯಿತು, ಇನ್ನು ನೀರು ಯಾಕೆ ಅಂತ ಪೇತ್ರ ಸುಮ್ಮನಾಗಲಿಲ್ಲ. ಅದನ್ನೇ ನಾನು ಹೇಳ್ತಿರೋದು. ಮೊದಲು ನೀರಿಗೆ ಇಳಿದರು, ಇಳಿದದ್ದು ಯಾಕೆ ಅಂತ ಆಮೇಲೆ ಯೋಚಿಸಿದರು. ದಿದಾಖೆ ಅಂತ ಒಂದು ಪುಟ್ಟ ಕೈಪಿಡಿ ಇದೆ, ಒಂದನೆಯ ಶತಮಾನದ ಕೊನೆಯ ಹೊತ್ತಿನದು ಅಂತ ಬಹಳ ಜನರ ಎಣಿಕೆ. ಕಾನ್‌ಸ್ಟಾಂಟಿನೋಪಲ್‌ನ ಗ್ರಂಥಾಲಯವೊಂದರಲ್ಲಿ 1873ರಲ್ಲಿ ಬ್ರಿಯೆನ್ನಿಯೋಸ್ ಎಂಬ ಗ್ರೀಕ್ ವಿದ್ವಾಂಸರ ಕಣ್ಣಿಗೆ ಬಿತ್ತು. ಹರಿಯುವ ನೀರಿನಲ್ಲಿ ಸ್ನಾನ ಮಾಡಿಸಿ, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಲದೆ ಬಂದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ, ಹಿಂದಿನ ಒಂದೆರಡು ದಿನ ಉಪವಾಸವಿರಿ, ಇಷ್ಟೇ ಅದರ ಸೂಚನೆ. ಆ ಜಾಗದಲ್ಲಿ ಹುಟ್ಟಿನ ಮಾತೇ ಇಲ್ಲ.

— ಪೌಲನೂ ಹುಟ್ಟು ಅನ್ನಲಿಲ್ಲ, ಅಲ್ವಾ? ರೋಮಾಪುರದವರಿಗೆ ಬರೆದಾಗ ಅವನು ಸಾವು, ಹೂಳುವುದು ಅಂದ.

— ಸರಿಯಾಗಿ ಹಿಡಿದೆ. ಪೌಲನಿಗೆ ನೀರು ಸಮಾಧಿ, ಯೋಹಾನನಿಗೆ ಅದು ಹೆರಿಗೆ. ತೀತನಿಗೆ ಬರೆದ ಪತ್ರದಲ್ಲಿ ಸ್ನಾನ ಮತ್ತು ಮರುಹುಟ್ಟು ಒಂದೇ ಉಸಿರಿನಲ್ಲಿ ಬರುತ್ತವೆ. ಎರಡನೆಯ ಶತಮಾನದಲ್ಲಿ ಈ ಹುಟ್ಟಿಗೆ ಕಾರಣ ಕೊಟ್ಟು ವಿವರಿಸಿದವರಲ್ಲಿ ಜಸ್ಟಿನ್ ಮುಖ್ಯ. ಪ್ಯಾಲೆಸ್ಟೀನಿನ ಇವತ್ತಿನ ನಾಬ್ಲುಸ್ ಕಡೆಯವನು, ರೋಮಿನಲ್ಲಿ ತತ್ತ್ವಜ್ಞಾನಿಗಳ ನಿಲುವಂಗಿ ತೊಟ್ಟು ಪಾಠ ಹೇಳ್ತಿದ್ದ. ಸುಮಾರು 155ರಲ್ಲಿ ಚಕ್ರವರ್ತಿ ಆಂಟೊನೈನಸ್ ಪಯಸ್‌ನನ್ನು ಉದ್ದೇಶಿಸಿ ಬರೆದ ಸಮರ್ಥನೆಯಲ್ಲಿ ಅವನು ಕೊಡೋ ಕಾರಣ ನನಗೆ ಬಹಳ ಹಿಡಿಸಿತು. ಮೊದಲ ಹುಟ್ಟು ನಮಗೆ ಗೊತ್ತಿಲ್ಲದೆ, ನಮ್ಮನ್ನು ಕೇಳದೆ ಆದದ್ದು, ಎರಡನೆಯದಾದರೂ ತಿಳಿದು, ನಾವೇ ಆರಿಸಿಕೊಂಡು ಆಗಲಿ ಅಂತಾನೆ. ಇದನ್ನು ನೆನಪಿಟ್ಟುಕೋ, ಮುಂದೆ ಇದೇ ಎಡವಟ್ಟಾಗುತ್ತೆ.

— ಆರಿಸಿಕೊಂಡವರನ್ನೆಲ್ಲ ಸೇರಿಸಿಕೊಳ್ತಿದ್ದರಾ?

— ಎಲ್ಲಿಯ ಮಾತು! ಹಿಪ್ಪೊಲಿಟಸ್ ಹೆಸರಿನಲ್ಲಿ ನಡೆದುಬಂದ 'ಅಪೊಸ್ತಲರ ಸಂಪ್ರದಾಯ' ಅನ್ನೋ ಗ್ರಂಥ ಮೂರು ವರ್ಷ ಕಾಯಿಸುತ್ತೆ. ಬರೆದವನು ನಿಜಕ್ಕೂ ಅವನೇನಾ, ಯಾವ ಪದರ ಯಾವ ಕಾಲದ್ದು ಅಂತ ಪಂಡಿತರು ಇನ್ನೂ ಜಗಳ ಆಡ್ತಿದ್ದಾರೆ, ಆಡಲಿ ಬಿಡು. ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಕಸುಬಿನದು. ವೇಶ್ಯಾಗೃಹ ನಡೆಸುವವನು, ಗ್ಲಾಡಿಯೇಟರ್, ವಿಗ್ರಹ ಮಾಡುವವನು ಕಸುಬು ಬಿಡಬೇಕು, ಇಲ್ಲವೇ ಮನೆಗೆ ಹೋಗಬೇಕು. ಸಿಪಾಯಿ ಯಾರನ್ನೂ ಕೊಲ್ಲಕೂಡದು. ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರೂ ಕೆಲಸ ಬಿಟ್ಟರೆ ಒಳ್ಳೆಯದು, ಬೇರೆ ಕಸುಬು ಗೊತ್ತಿಲ್ಲದಿದ್ದರೆ ಮುಂದುವರಿಯಲಿ.

— ಮೇಷ್ಟ್ರೇನು ಪಾಪ ಮಾಡಿದ್ದರು?

— ಪಠ್ಯವೆಲ್ಲ ಹೋಮರನ ದೇವತೆಗಳ ಕತೆ ಅಲ್ವಾ, ಅದಕ್ಕೆ. ನಾನಂತೂ ಬೇರೆ ಕಸುಬು ಗೊತ್ತಿಲ್ಲ ಅನ್ನೋ ಸಾಲಿನಲ್ಲಿ ನುಸುಳಿಬಿಡ್ತಿದ್ದೆ. ಮೂರು ವರ್ಷ ಮುಗಿದ ಮೇಲೆ ಇನ್ನೊಂದು ವಿಚಾರಣೆ. ಅಲ್ಲಿ ಏನು ಅನುಭವವಾಯಿತು ಅಂತ ಯಾರೂ ಕೇಳಲ್ಲ. ವಿಧವೆಯರನ್ನು ಗೌರವದಿಂದ ಕಂಡರಾ, ಕಾಯಿಲೆಯವರನ್ನು ಹೋಗಿ ನೋಡಿದರಾ ಅಂತ ಕೇಳ್ತಾರೆ. ಉತ್ತರ ಹೇಳಬೇಕಾದವರು ಅವರನ್ನು ಕರೆತಂದವರು.

— ಗುಲಾಮರು? ಅವರೂ ಆರಿಸಿಕೊಳ್ಳಬಹುದಿತ್ತಾ? ನಮ್ಮ ಕಡೆ ಉಪನಯನವೂ ಎರಡನೆಯ ಹುಟ್ಟೇ, ಆದರೆ ಯಾರ ಹೊಟ್ಟೆಯಲ್ಲಿ ಮೊದಲು ಹುಟ್ಟಿದೆ ಅನ್ನೋದರ ಮೇಲೆ ಅದು ಸಿಗೋದು. ಇಲ್ಲಿ ಹಾಗಿಲ್ಲ ಅಂತ ನಮ್ಮ ಸಭೆಯಲ್ಲಿ ಹೆಮ್ಮೆಯಿಂದ ಹೇಳ್ತಾರೆ.

— ಹೆಮ್ಮೆಪಡಲಿ, ಆದರೆ ಪೂರ್ತಿ ಓದಿ ಹೆಮ್ಮೆಪಡಲಿ. ಜಾತಿ, ಕುಲ ಕೇಳ್ತಿರಲಿಲ್ಲ, ನಿಜ. ಹೆಂಗಸು, ಗಂಡಸು, ಗುಲಾಮ ಎಲ್ಲರಿಗೂ ಒಂದೇ ತೊಟ್ಟಿ. ಆದರೆ ನಾನು ಈಗ ಹೇಳಿದ ಗ್ರಂಥದಲ್ಲೇ, ಒಡೆಯ ಕ್ರೈಸ್ತನಾಗಿದ್ದರೆ ಗುಲಾಮನಿಗೆ ಒಡೆಯನ ಅಪ್ಪಣೆ ಬೇಕು. ಇವನು ಒಳ್ಳೆಯವನು ಅಂತ ಒಡೆಯ ಸಾಕ್ಷಿ ಹೇಳದಿದ್ದರೆ ವಾಪಸ್ ಕಳಿಸ್ತಾರೆ.

— ಹುಟ್ಟೋದಕ್ಕೂ ಯಜಮಾನನ ಸಹಿ!

— ಹ್ಞೂಂ. ನೀರಿನಿಂದ ಎದ್ದ ಮೇಲೂ ಕಾನೂನಿನ ಕಣ್ಣಲ್ಲಿ ಅವನು ಗುಲಾಮನೇ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಇತಿಹಾಸವಾಗಲ್ಲ. ಅದರ ಪಕ್ಕದಲ್ಲೇ ಫೆಲಿಸಿತಾಸ್‌ಳನ್ನೂ ಇಟ್ಟು ನೋಡಬೇಕು. 203ರಲ್ಲಿ ಕಾರ್ಥೇಜಿನಲ್ಲಿ ಹಿಡಿದುಹಾಕಿದ ಗುಂಪಿನಲ್ಲಿ ಅವಳಿದ್ದಳು, ಗುಲಾಮಳು, ತುಂಬು ಗರ್ಭಿಣಿ. ಜೊತೆಗೆ ಪೆರ್ಪೆತುವಾ, ಇಪ್ಪತ್ತೆರಡರ ಆಸುಪಾಸಿನ ದೊಡ್ಡ ಮನೆತನದ ಹೆಣ್ಣುಮಗಳು, ಎದೆಹಾಲು ಕುಡಿಯುವ ಮಗುವಿನ ತಾಯಿ. ಹಿಡಿದಾಗ ಇವರೆಲ್ಲ ಇನ್ನೂ ದೀಕ್ಷಾರ್ಥಿಗಳು. ಕಾವಲಿನಲ್ಲಿದ್ದಾಗಲೇ ಸ್ನಾನವಾಯಿತು. ಪೆರ್ಪೆತುವಾ ಸೆರೆಮನೆಯಲ್ಲಿ ಬರೆದಿಟ್ಟ ಟಿಪ್ಪಣಿ ಉಳಿದಿದೆ. ನೀರಿನಿಂದ ಎದ್ದಾಗ ಆತ್ಮ ತನಗೆ ಒಂದನ್ನು ಸೂಚಿಸಿತು ಅಂತ ಬರೀತಾಳೆ. ದೇಹಕ್ಕೆ ತಾಳುವ ಶಕ್ತಿ ಬೇಡು, ಇನ್ನೇನನ್ನೂ ಬೇಡಬೇಡ ಅಂತ. ಹೊಸ ಹುಟ್ಟು ಪಡೆದವಳು ಕೇಳಿಕೊಂಡದ್ದು ಇಷ್ಟು.

— ಫೆಲಿಸಿತಾಸ್?

— ಪ್ರಾಣಿಗಳ ಬಾಯಿಗೆ ಹಾಕುವ ದಿನಕ್ಕೆ ಸ್ವಲ್ಪ ಮುಂಚೆ, ಎಂಟನೆಯ ತಿಂಗಳಲ್ಲೇ, ಸೆರೆಮನೆಯಲ್ಲಿ ಹೆತ್ತಳು. ಹೆಣ್ಣುಮಗು. ಕ್ರೈಸ್ತ ಹೆಂಗಸೊಬ್ಬಳು ಸಾಕಿಕೊಂಡಳು. ಆ ಕತೆಯನ್ನು ಸಂಪಾದಿಸಿದವನು, ಸೂಲಗಿತ್ತಿಯ ಕೈಯಿಂದ ಗ್ಲಾಡಿಯೇಟರನ ಕೈಗೆ, ಒಂದು ರಕ್ತದಿಂದ ಇನ್ನೊಂದು ರಕ್ತಕ್ಕೆ ಹೋದಳು, ಹೆರಿಗೆಯ ಮೈ ತೊಳೆದುಕೊಳ್ಳೋಕೆ ಎರಡನೆಯ ಸ್ನಾನ ಸಿಕ್ಕಿತು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಅದೇ ಅಖಾಡದಲ್ಲಿ ಸಾತುರಸ್ ಎಂಬವನನ್ನು ಚಿರತೆ ಕಚ್ಚಿ ಮೈಯೆಲ್ಲ ರಕ್ತವಾದಾಗ, ಜನ ಸ್ನಾನಗೃಹದಲ್ಲಿ ಒಬ್ಬರಿಗೊಬ್ಬರು ಹೇಳುವ ಶುಭಾಶಯವನ್ನೇ ಗೇಲಿಯಾಗಿ ಕೂಗಿದರು. ಸೊಗಸಾದ ಸ್ನಾನವಾಯ್ತು ಅಂತ. ಕೂಗಿದವರಿಗೆ ಅದು ತಮಾಷೆ, ಕ್ರೈಸ್ತರ ಕಿವಿಗೆ ಅದೇ ಸಿದ್ಧಾಂತ.

— ಅಂದರೆ ನೀರಿಲ್ಲದೆಯೂ ಹುಟ್ಟು ಆಗುತ್ತೆ ಅಂತ ಒಪ್ಪಿಕೊಂಡರು.

— ರಕ್ತ ಚೆಲ್ಲಿದವರ ವಿಷಯದಲ್ಲಿ ಒಪ್ಪಿಕೊಂಡರು. ಆಸೆಯಿದ್ದೂ ಅವಕಾಶ ಸಿಗದೆ ಸತ್ತವರ ವಿಷಯದಲ್ಲಿ ಒಪ್ಪಿಕೊಳ್ಳೋಕೆ ಹೆಚ್ಚು ಹೊತ್ತು ಬೇಕಾಯಿತು. ಯುವ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್ 392ರಲ್ಲಿ ಸ್ನಾನಕ್ಕೆ ಮುಂಚೆಯೇ ಸತ್ತಾಗ, ಅವನು ಬಯಸಿದ್ದನಲ್ಲ, ಆ ಬಯಕೆಯೇ ಸಾಕು ಅಂತ ಬಿಷಪ್ ಆಂಬ್ರೋಸ್ ಅವನ ತಂಗಿಯರನ್ನು ಸಮಾಧಾನ ಮಾಡಿದರು. ನಿನ್ನ ಗಾಳಿ ಬೀಸಲಿಕ್ಕೆ ಅಷ್ಟು ಸಂದು ಬಿಟ್ಟಿದ್ದರು ಅಂದುಕೋ.

— ಸ್ನಾನವಾಗುವ ರಾತ್ರಿ ಏನೇನು ನಡೀತಿತ್ತು, ಅದನ್ನು ಹೇಳಿ.

— ಯೆರೂಸಲೇಮಿನದು ಹೇಳ್ತೀನಿ, ಅಲ್ಲಿಯದು ಕಣ್ಣಿಗೆ ಕಟ್ಟುವ ಹಾಗಿದೆ. ನಾಲ್ಕನೆಯ ಶತಮಾನ, ಈಸ್ಟರ್‌ನ ಹಿಂದಿನ ರಾತ್ರಿ. ದೀಕ್ಷಾರ್ಥಿಗಳು ಹೊರ ಅಂಗಳದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ತಾರೆ. ಕತ್ತಲಿನ ದಿಕ್ಕು ಅದು. ಸೈತಾನ ಎದುರಿಗೇ ನಿಂತಿದ್ದಾನೆ ಅನ್ನೋ ಹಾಗೆ ಕೈ ಚಾಚಿ, ನಿನ್ನ ಸಂಬಂಧ ಹರಿಯಿತು ಅಂತಾರೆ. ಆಮೇಲೆ ಪೂರ್ವಕ್ಕೆ ತಿರುಗಿ ನಂಬಿಕೆಯನ್ನು ಒಪ್ಪಿಸ್ತಾರೆ. ಒಳಗೆ ಹೋಗಿ ಬಟ್ಟೆಯನ್ನೆಲ್ಲ ಕಳಚ್ತಾರೆ. ನೆತ್ತಿಯ ಕೂದಲಿನಿಂದ ಕಾಲಿನ ತುದಿಯವರೆಗೆ ಎಣ್ಣೆ. ತೊಟ್ಟಿಯಲ್ಲಿ ಮೂರು ಸಲ ಮುಳುಗಿ ಮೂರು ಸಲ ಏಳೋದು, ಯೇಸು ಸಮಾಧಿಯಲ್ಲಿದ್ದ ಮೂರು ದಿನಕ್ಕೆ. ಬಿಷಪ್ ಸಿರಿಲ್ ಹೆಸರಿನಲ್ಲಿ ಉಳಿದಿರುವ ಪ್ರವಚನದಲ್ಲಿ ಪೌಲನ ಸಮಾಧಿ, ಯೋಹಾನನ ಹೆರಿಗೆ ಎರಡೂ ಕೂಡಿಕೊಳ್ಳುತ್ತವೆ. ಸತ್ತದ್ದೂ ಹುಟ್ಟಿದ್ದೂ ಒಂದೇ ಗಳಿಗೆ, ಗೋರಿಯಾದ ನೀರೇ ತಾಯಿಯೂ ಆಯಿತು ಅನ್ನೋದು ಅದರ ತಾತ್ಪರ್ಯ. ಪ್ರವಚನ ಸಿರಿಲನದಲ್ಲ, ಅವನ ನಂತರ ಬಿಷಪ್ ಆಗಿ ಬಂದ ಇನ್ನೊಬ್ಬ ಯೋಹಾನನದು ಅನ್ನುವವರೂ ಇದ್ದಾರೆ.

— ಪೂರ್ತಿ ಬಟ್ಟೆ ಕಳಚಿ? ಹೆಂಗಸರೂ?

— ಹೂಂ. ಹಿಪ್ಪೊಲಿಟಸ್ ಹೆಸರಿನ ಆ ಗ್ರಂಥದಲ್ಲಿ ಹೆಂಗಸರು ಜಡೆ ಬಿಚ್ಚಬೇಕು, ಒಡವೆ ತೆಗೆದಿಡಬೇಕು, ಬೇರೆ ಯಾವ ವಸ್ತುವನ್ನೂ ನೀರಿಗೆ ಒಯ್ಯಬಾರದು. ಸಿರಿಯಾದಲ್ಲಿ ಮೂರನೆಯ ಶತಮಾನದ ಕಟ್ಟಳೆಯೊಂದು, ಹೆಂಗಸರ ಮೈಗೆ ಎಣ್ಣೆ ಹಚ್ಚಲು ಸೇವಕಿಯರೇ ಇರಬೇಕು ಅನ್ನುತ್ತೆ. ನಾಚಿಕೆಯ ಪ್ರಶ್ನೆ ಅವರಿಗೂ ಇತ್ತು ಅಂತಾಯ್ತಲ್ಲ. ಆದರೂ ಬಿಡಲಿಲ್ಲ. ಹಳೆಯ ಬದುಕಿನ ಒಂದು ಎಳೆಯೂ ಮೈಮೇಲೆ ಉಳಿಯಕೂಡದು ಅನ್ನೋ ಹಟ. ಎದ್ದು ಬಂದವರಿಗೆ ಕೆಲವು ಕಡೆ ಹಾಲು ಜೇನು ಬೆರೆಸಿ ಕುಡಿಸ್ತಿದ್ದರು. ಕಾರ್ಥೇಜಿನ ತೆರ್ತುಲ್ಲಿಯನ್ ಅದನ್ನು ಹೇಳ್ತಾನೆ, ಜೊತೆಗೆ ಒಂದು ವಾರ ಮಾಮೂಲಿ ಸ್ನಾನ ಮಾಡ್ತಿರಲಿಲ್ಲ ಅಂತಲೂ. ದೀಕ್ಷಾಸ್ನಾನದ ಬಗ್ಗೆಯೇ ಬರೆದ, ನಮ್ಮ ಕೈಗೆ ಸಿಕ್ಕಿರುವ ಅತ್ಯಂತ ಹಳೆಯ ಪುಸ್ತಕ ಅವನದೇ, 200ರ ಆಸುಪಾಸಿನದು.

— ಈ ಪಶ್ಚಿಮ, ಪೂರ್ವ, ಎಣ್ಣೆ, ಇದರ ಅರ್ಥವೆಲ್ಲ ಮೊದಲೇ ಪಾಠದಲ್ಲಿ ಹೇಳಿಕೊಡ್ತಿದ್ದರಾ?

— ಅದೇ ಸ್ವಾರಸ್ಯ. ಹೇಳ್ತಿರಲಿಲ್ಲ! ನಂಬಿಕೆ ಏನು, ನಡತೆ ಹೇಗಿರಬೇಕು ಅನ್ನೋದನ್ನು ತಿಂಗಳುಗಟ್ಟಲೆ ಕಲಿಸಿದವರು, ಆ ರಾತ್ರಿಯ ಕ್ರಿಯೆಗಳ ಅರ್ಥವನ್ನು ಮಾತ್ರ ಈಸ್ಟರ್ ಕಳೆದ ವಾರದಲ್ಲಿ, ಯೇಸುವಿನ ಸಮಾಧಿ ಇದ್ದ ಗುಡಿಯಲ್ಲಿ, ಬಾಗಿಲು ಮುಚ್ಚಿಕೊಂಡು ಹೇಳ್ತಿದ್ದರು. 380ರ ದಶಕದಲ್ಲಿ ಪಶ್ಚಿಮದಿಂದ ಯಾತ್ರೆ ಬಂದ ಎಜೇರಿಯಾ ಎಂಬಾಕೆ ಬರೆದಿದ್ದಾಳೆ. ಬಿಷಪರು ಬಿಡಿಸಿ ಹೇಳ್ತಾ ಹೋದ ಹಾಗೆ ಕೇಳುವವರ ಉದ್ಗಾರ ಗುಡಿಯ ಹೊರಗೂ ಕೇಳಿಸುತ್ತಿತ್ತಂತೆ. ಅನುಭವ ಮೊದಲು, ವ್ಯಾಖ್ಯಾನ ಆಮೇಲೆ. ಇವತ್ತು ನಾವು ಅದನ್ನು ತಲೆಕೆಳಗು ಮಾಡಿ, ವ್ಯಾಖ್ಯಾನವನ್ನು ಸರಿಯಾಗಿ ಒಪ್ಪಿಸಿದವನಿಗೆ ಅನುಭವ ಆಗಿದೆ ಅಂತ ಸರ್ಟಿಫಿಕೇಟ್ ಕೊಡ್ತೀವಿ.

— ಆ ತೊಟ್ಟಿಗಳಲ್ಲಿ ಯಾವುದಾದರೂ ಉಳಿದಿದೆಯಾ?

— ಎಷ್ಟೋ ಇವೆ. ನನಗೆ ಬಹಳ ಇಷ್ಟವಾದದ್ದು ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಡದ ದೂರಾ-ಯೂರೋಪಸ್‌ನದು. ಚರ್ಚು ಅಂತ ಕಟ್ಟಿದ್ದಲ್ಲ, ಕೋಟೆಗೋಡೆಗೆ ಹತ್ತಿದ ಸಾಮಾನ್ಯ ಮನೆ. ಅದರ ಒಂದು ಕೋಣೆಯಲ್ಲಿ ತೊಟ್ಟಿ, ಮೇಲೆ ಕಂಬಗಳ ಮೇಲೆ ನಿಂತ ಕಮಾನು, ಕಮಾನಿನ ಒಳಗೆ ನೀಲಿ ಬಣ್ಣ ಬಳಿದು ನಕ್ಷತ್ರ ಬಿಡಿಸಿದ್ದಾರೆ. ತೊಟ್ಟಿಯ ಹಿಂದಿನ ಗೋಡೆಯಲ್ಲಿ ಹೆಗಲ ಮೇಲೆ ಕುರಿ ಹೊತ್ತ ಕುರುಬ, ಪಕ್ಕದ ಗೋಡೆಗಳಲ್ಲಿ ಹಾಸಿಗೆ ಹೊತ್ತು ನಡೆಯುವ ಪಾರ್ಶ್ವವಾಯು ರೋಗಿ, ಬಾವಿಯಿಂದ ನೀರು ಸೇದುವ ಹೆಂಗಸು, ಸಮಾಧಿಯತ್ತ ಸಾಗುವ ಹೆಂಗಸರ ಸಾಲು. 256ರ ಹೊತ್ತಿಗೆ ಪರ್ಷಿಯನ್ನರ ಮುತ್ತಿಗೆ ಬಂದಾಗ ಕೋಟೆ ಭದ್ರಪಡಿಸಲು ಆ ಬೀದಿಯ ಮೇಲೆ ಮಣ್ಣು ತುಂಬಿಸಿದರು. ಊರು ಹಾಳಾಯಿತು, ಮಣ್ಣಿನಡಿ ಬಣ್ಣ ಉಳಿಯಿತು. 1930ರ ದಶಕದ ಆರಂಭದಲ್ಲಿ ಅಗೆದು ತೆಗೆದು ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು.

— ಆದರೂ ಚಿಕ್ಕಮ್ಮ, ಒಬ್ಬರಾದರೂ ನನ್ನ ಥರ ಮಾತಾಡಲಿಲ್ವಾ? ನನ್ನೊಳಗೆ ಹೀಗಾಯಿತು ಅಂತ?

— ಸಿಪ್ರಿಯನ್ ಇದ್ದಾನಲ್ಲ. ಕಾರ್ಥೇಜಿನವನು, ಹಣ, ಹೆಸರು ಎರಡೂ ಇದ್ದವನು. ಸ್ನಾನವಾದ ಸ್ವಲ್ಪ ದಿನಕ್ಕೆ ದೊನಾತಸ್ ಎಂಬ ಗೆಳೆಯನಿಗೆ ಬರೆದಿದ್ದಾನೆ. ರಸದೌತಣ ಉಂಡು ಬೆಳೆದವನು ಮಿತವಾಗಿ ಉಣ್ಣೋದು ಹೇಗೆ ಕಲಿತಾನು, ಜರತಾರಿ ಉಟ್ಟವನು ಸಾದಾ ಬಟ್ಟೆಗೆ ಹೇಗೆ ಇಳಿದಾನು, ಈ ವಯಸ್ಸಿನಲ್ಲಿ ಮತ್ತೆ ಹುಟ್ಟೋದು ಆಗದ ಮಾತು ಅಂತ ತಾನೂ ಅಂದುಕೊಂಡಿದ್ದೆ ಅಂತಾನೆ. ಆಮೇಲೆ ನೀರು ಬಿತ್ತು, ಅನುಮಾನ ಹರಿಯಿತು, ಕಷ್ಟವಾಗಿದ್ದದ್ದು ಸುಲಭವಾಯಿತು ಅಂತಾನೆ. ಒಳಗಿನದು ಇದೆ ನೋಡು, ಆದರೆ ನೀರನ್ನು ಕಿತ್ತುಹಾಕಿ ಓದೋಕೆ ಬರಲ್ಲ. ಇನ್ನೊಬ್ಬ ವಿಕ್ಟೋರಿನಸ್, ಸುಮಾರು 355ರ ಮಾತು. ರೋಮಿನಲ್ಲಿ ಪ್ರತಿಮೆ ನಿಲ್ಲಿಸಿಕೊಂಡಿದ್ದ ಭಾಷಣಶಾಸ್ತ್ರದ ಪ್ರಾಧ್ಯಾಪಕ. ನಾನು ಒಳಗೊಳಗೇ ಕ್ರೈಸ್ತ ಅಂತ ಸಿಂಪ್ಲಿಸಿಯಾನಸ್ ಎಂಬ ಪಾದ್ರಿಯ ಹತ್ತಿರ ಗುಟ್ಟಾಗಿ ಹೇಳ್ತಿದ್ದ. ಚರ್ಚಿನಲ್ಲಿ ಕಂಡಾಗ ನಂಬ್ತೀನಿ ಅಂತ ಅವನು. ಗೋಡೆಗಳೇನು ಕ್ರೈಸ್ತರನ್ನು ಮಾಡ್ತಾವಾ ಅಂತ ಇವನ ಚುಚ್ಚು.

— ನನ್ನ ಪಕ್ಷದವನು.

— ಪೂರ್ತಿ ಕೇಳು. ನಿಜವಾದ ಕಾರಣ, ದೊಡ್ಡ ಮನೆತನದ ಗೆಳೆಯರು ಏನಂದುಕೊಂಡಾರು ಅನ್ನೋ ಭಯ. ಒಂದು ದಿನ ಇದ್ದಕ್ಕಿದ್ದಂತೆ, ನಡಿ ಚರ್ಚಿಗೆ ಅಂದ. ನಾಚಿಕೆಯ ಸ್ವಭಾವದವರು ಖಾಸಗಿಯಾಗಿ ನಂಬಿಕೆ ಒಪ್ಪಿಸಲು ಅವಕಾಶವಿತ್ತು, ಪಾದ್ರಿಗಳು ಇವನಿಗೂ ಅದನ್ನೇ ಕೊಡಹೋದರು. ಬೇಡ ಅಂತ ಎತ್ತರದ ಜಾಗ ಏರಿದ. ಜನ ಅವನ ಹೆಸರನ್ನು ಪಿಸುಗುಟ್ಟಿದರು. ಆಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಅವನಿಗೇ ಹೊಟ್ಟೆಕಿಚ್ಚು ಬಂದ ಹಾಗಿದೆ.

— ಎಲ್ಲ ಸರಿ. ಆದರೆ ಇಷ್ಟೆಲ್ಲ ಮಾಡಿ ಹುಟ್ಟಿದವನು ಮಾರನೆಯ ವರ್ಷ ಕಳ್ಳತನ ಮಾಡಿದರೆ?

— ಅಲ್ಲೇ ಗಂಟು. ಈ ಹುಟ್ಟು ಒಂದೇ ಸಲ. ಇನ್ನೊಂದು ಸಲ ತೊಟ್ಟಿಗೆ ಇಳಿಸೋಕಾಗಲ್ಲ. ಎರಡನೆಯ ಶತಮಾನದಲ್ಲಿ ರೋಮಿನ ಹೆರ್ಮಾಸ್, ಸ್ನಾನದ ನಂತರ ಪಶ್ಚಾತ್ತಾಪಕ್ಕೆ ಇನ್ನೊಂದೇ ಅವಕಾಶ ಅಂತ ಬರೆದ, ಅದೂ ಬಹಳ ಉದಾರ ಅನ್ನಿಸಿತ್ತು ಕೆಲವರಿಗೆ. ಹಾಗಾಗಿ ಜನ ಲೆಕ್ಕ ಹಾಕಿದರು. ಇರುವುದು ಒಂದೇ ಸ್ನಾನವಾದರೆ ಆದಷ್ಟು ತಡವಾಗಿ ಮಾಡಿದರೆ ಲಾಭ! ಚಕ್ರವರ್ತಿ ಕಾನ್‌ಸ್ಟಂಟೈನ್ ವರ್ಷಗಟ್ಟಲೆ ಸಭೆಯನ್ನು ಪೋಷಿಸಿ, ಬಿಷಪರ ನಡುವೆ ಕೂತು ನೈಸಿಯಾ ಸಮ್ಮೇಳನ ನಡೆಸಿ, ಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಬಿಷಪನ ಮಗನಾದ ನಾಜಿಯಾನ್ಸಸ್‌ನ ಗ್ರೆಗರಿ ಅಥೆನ್ಸ್‌ಗೆ ಓದಲು ಹೋಗುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತು, ಅವನ ಹೆದರಿಕೆ ಸಾಯೋದಕ್ಕಲ್ಲ, ಸ್ನಾನವಿಲ್ಲದೆ ಸಾಯೋದಕ್ಕೆ. ಮುಂದೆ ಅವನೇ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಿಂತು, ಮುಂದೂಡಬೇಡಿ ಅಂತ ಉದ್ದದ ಪ್ರವಚನ ಮಾಡಿದ. ಮಿಲಾನಿನವರು 374ರಲ್ಲಿ ಆಂಬ್ರೋಸನನ್ನು ಬಿಷಪ್ ಅಂತ ಆರಿಸಿದಾಗ ಅವನಿಗಿನ್ನೂ ಸ್ನಾನವೇ ಆಗಿರಲಿಲ್ಲ. ಎಂಟು ದಿನದೊಳಗೆ ಸ್ನಾನ, ಪಟ್ಟ ಎರಡೂ ಮುಗಿಸಿದರು.

— ಆಗಸ್ಟೀನನಿಗೂ ತಡವಾಗಿಯೇ ಅಲ್ವಾ?

— 387ರ ಈಸ್ಟರ್ ರಾತ್ರಿ, ಮಿಲಾನಿನಲ್ಲಿ, ಆಂಬ್ರೋಸನ ಕೈಯಲ್ಲೇ. ಮಗ ಅದಿಯೋದಾತಸ್, ಗೆಳೆಯ ಅಲಿಪಿಯಸ್ ಜೊತೆಗಿದ್ದರು. ಆ ಎಂಟು ಮೂಲೆಯ ಸ್ನಾನಮಂದಿರದ ಅಡಿಪಾಯ ಈಗಲೂ ದೊಡ್ಡ ಚರ್ಚಿನ ಅಂಗಳದ ಕೆಳಗೆ ಇದೆ. ಆಗಸ್ಟೀನ್ ಹುಡುಗನಾಗಿದ್ದಾಗ ಹೊಟ್ಟೆನೋವು ಬಂದು ಸಾಯುವ ಹಾಗಾಗಿದ್ದ. ತಾಯಿ ಮೋನಿಕಾ ಸ್ನಾನಕ್ಕೆ ಅಣಿಮಾಡಿದಳು, ಅಷ್ಟರಲ್ಲಿ ನೋವು ಇಳಿಯಿತು, ಸ್ನಾನ ಮುಂದಕ್ಕೆ ಹೋಯಿತು. ಅವನಿಗಿನ್ನೂ ಸ್ನಾನವಾಗಿಲ್ಲ, ಏನಾದರೂ ಮಾಡಿಕೊಳ್ಳಲಿ ಬಿಡಿ ಅಂತ ಊರವರು ಆಡುವ ಮಾತನ್ನು ನೆನೆಸಿಕೊಂಡು ಅವನು ನಲವತ್ತು ದಾಟಿದ ಮೇಲೂ ಸಿಟ್ಟಾಗ್ತಾನೆ.

— ಆ ಸಿಟ್ಟಿಗೇ ಶಿಶುಗಳ ಸ್ನಾನವನ್ನು ಹಿಡಿದುಕೊಂಡನಾ?

— ಸಿಟ್ಟೊಂದೇ ಅಲ್ಲ, ವಾದವೂ ಇತ್ತು. ಶಿಶುಗಳ ಸ್ನಾನ ಅವನಿಗಿಂತ ಹಳೆಯದು. ತೆರ್ತುಲ್ಲಿಯನ್ ಅದನ್ನು ಬೇಡ ಅಂದದ್ದರಿಂದಲೇ ಆಗಲೇ ನಡೀತಿತ್ತು ಅಂತ ಗೊತ್ತಾಗೋದು. ಮೂರನೆಯ ಶತಮಾನದ ನಡುವೆ ಸಿಪ್ರಿಯನ್ ಮತ್ತು ಅರವತ್ತಾರು ಬಿಷಪರು ಕೂತು, ಎಂಟನೆಯ ದಿನದವರೆಗೂ ಕಾಯಬೇಕಿಲ್ಲ ಅಂದರು. ಆಗಸ್ಟೀನ್ ಮಾಡಿದ್ದು, ಆ ರೂಢಿಯನ್ನೇ ಸಾಕ್ಷಿಗೆ ಕರೆದದ್ದು. ಸ್ನಾನ ಪಾಪ ತೊಳೆಯೋದಕ್ಕೆ, ಶಿಶುವಿಗೂ ಸ್ನಾನ ಮಾಡಿಸ್ತೀವಿ, ಹಾಗಾದರೆ ಶಿಶುವಿನಲ್ಲೂ ಆದಾಮನಿಂದ ಬಂದ ಪಾಪ ಇರಲೇಬೇಕು! ಅವನ ಎದುರಾಳಿ ಪೆಲಾಜಿಯಸ್ ಒಪ್ಪಲಿಲ್ಲ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಆಫ್ರಿಕದ ಬಿಷಪರು ಆಗಸ್ಟೀನನ ಕಡೆ ನಿಂತರು. ಪೂರ್ವದಲ್ಲಿ ಕ್ರಿಸೊಸ್ಟೊಮ್ ಅಂಥವರು ಶಿಶುಗಳಿಗೆ ಪಾಪವಿಲ್ಲದಿದ್ದರೂ ಸ್ನಾನ ಮಾಡಿಸ್ತೀವಿ, ಸ್ನಾನದಲ್ಲಿ ಕ್ಷಮೆಯ ಆಚೆಗೂ ಎಷ್ಟೋ ವರಗಳಿವೆ ಅಂತಿದ್ದರು. ನೀರು ಒಂದೇ, ಕಾರಣ ಎರಡು. ನನ್ನನ್ನು ಕೇಳಿದರೆ ಕ್ರಿಸೊಸ್ಟೊಮನ ಕಾರಣವೇ ಹೆಚ್ಚು ಮನುಷ್ಯರಿಗೆ ಒಪ್ಪುವಂಥದ್ದು.

— ಅಲ್ಲಿಗೆ ಜಸ್ಟಿನನ ಕತೆ ಮುಗಿಯಿತು. ಮೊದಲ ಹುಟ್ಟು ನಮ್ಮನ್ನು ಕೇಳದೆ ಆದದ್ದು ಅಂತ ತಾನೇ ಅವನ ದೂರು? ಈಗ ಎರಡನೆಯದೂ ಹಾಗೇ ಆಯ್ತಲ್ಲ! ಆ ಎಡವಟ್ಟು ಇದೇ ತಾನೇ?

— ಇದೇ. ಅಷ್ಟೇ ಅಲ್ಲ, ಹುಟ್ಟಿದವರೆಲ್ಲ ಶಿಶುಗಳೇ ಆದಮೇಲೆ ಮೂರು ವರ್ಷದ ಪಾಠ, ಕಸುಬಿನ ವಿಚಾರಣೆ ಎಲ್ಲ ಬರಬರುತ್ತಾ ಸವೆದುಹೋಯಿತು.

— ನಾನು ಜಸ್ಟಿನನ ಪಕ್ಷ.

— ಇರು, ತೀರ್ಪು ಕೊಡೋದಕ್ಕೆ ಮುಂಚೆ ರೋಮಿನ ಒಬ್ಬ ಅಜ್ಜಿಯನ್ನೂ ವಿಚಾರಿಸು. ಪ್ರಿಸಿಲ್ಲಾ ನೆಲಸಮಾಧಿಯಿಂದ ಬಂದ ಒಂದು ಶಿಲಾಫಲಕವಿದೆ. ಫ್ಲೊರೆಂಟಿಯಸ್ ಎಂಬ ತಂದೆ ಮಗ ಅಪ್ರೋನಿಯಾನಸ್‌ನಿಗಾಗಿ ಕೆತ್ತಿಸಿದ್ದು. ಮಗು ಬದುಕಿದ್ದು ಒಂದು ವರ್ಷ, ಒಂಬತ್ತು ತಿಂಗಳು, ಐದು ದಿನ. ಉಳಿಯಲ್ಲ ಅಂತ ಗೊತ್ತಾದಾಗ ಅಜ್ಜಿ ಸಭೆಯವರ ಹತ್ತಿರ ಹೋಗಿ, ವಿಶ್ವಾಸಿಯಾಗಿ ಹೋಗಲಿ ಅಂತ ಕೇಳಿಕೊಂಡಳು ಅಂತ ಅದರಲ್ಲಿದೆ. ಶಿಶುಗಳ ಸ್ನಾನ ಬೆಳೆದದ್ದು ಬಿಷಪರ ತರ್ಕದಿಂದಲ್ಲ, ಇಂಥ ಹಾಸಿಗೆಗಳ ಪಕ್ಕದಲ್ಲಿ ಅನ್ನುವ ವಿದ್ವಾಂಸರಿದ್ದಾರೆ, ನನಗೂ ಹಾಗೇ ಅನ್ನಿಸುತ್ತೆ.

— ಆ ಅಜ್ಜಿಗೆ ಮೂರು ವರ್ಷ ಕಾಯಿ ಅಂತ ಯಾರು ಹೇಳೋಕಾಗುತ್ತೆ? ಹಿಪ್ಪೊಲಿಟಸ್ ಹೆಸರಿನ ಆ ಗ್ರಂಥ ಹೇಳಿಬಿಡ್ತಿತ್ತೇನೋ.

— ಇಲ್ಲ. ಅದೇ ಗ್ರಂಥದಲ್ಲಿ, ಗಂಡಸರು ಹೆಂಗಸರು ನೀರಿಗೆ ಇಳಿಯೋದಕ್ಕೆ ಮುಂಚೆ ಮಕ್ಕಳ ಸರದಿ. ಮಾತು ಬರುವ ಮಗು ತಾನೇ ಉತ್ತರ ಹೇಳಬೇಕು. ಮಾತು ಬಾರದ ಮಗುವಿಗಾಗಿ ಅಪ್ಪ ಅಮ್ಮ ಹೇಳಬಹುದು, ಇಲ್ಲವೇ ಮನೆಯವರು ಯಾರಾದರೂ.